ಎರಡು ತುದಿ, ಒಂದೇ ರೂಢಿ

ಬಡವರಿಗೂ ಸಿರಿವಂತರಿಗೂ ಇರುವ ಅಂತರವನ್ನು ಆದಾಯ, ಆಸ್ತಿ, ತೆರಿಗೆಗಳಿಂದ ಅಳೆಯುವುದು ವಾಡಿಕೆ. ದಿನನಿತ್ಯದ ರೂಢಿಗಳಿಂದ ಅಳೆಯಹೊರಟರೆ ಲೆಕ್ಕ ಎಡವುತ್ತದೆ. ಎರಡೂ ಕಡೆಯವರು ಬೆಳಗ್ಗೆ ರಾಗಿ ಅಂಬಲಿ ಕುಡಿಯುತ್ತಾರೆ, ಮೈಲುಗಟ್ಟಲೆ ನಡೆಯುತ್ತಾರೆ, ಮಂಡಿ ಹರಿದ ಪ್ಯಾಂಟು ತೊಡುತ್ತಾರೆ. ಜೇಬಿನಲ್ಲಿ ನಗದು ಇರುವುದಿಲ್ಲ. ಇದರಲ್ಲಿ ಯಾವುದಕ್ಕೂ ಸೇರದೆ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಬಿಳಿ ಅನ್ನ ಉಂಡು, ತಿಂಗಳ ಕಂತನ್ನು ತಪ್ಪದೆ ಕಟ್ಟುವವರು ನಡುವಿನವರು.

ಕನ್ನಡನಾಡಿನಲ್ಲಿ ಈ ಹೋಲಿಕೆಗೆ ದೊಡ್ಡ ಸಾಕ್ಷಿ ರಾಗಿ. ಪೂರ್ವ ಆಫ್ರಿಕದ ಎತ್ತರದ ಸೀಮೆಯ ಈ ಬೆಳೆ ಬಹು ಹಿಂದೆಯೇ ಭಾರತಕ್ಕೆ ಬಂತು. ಇಂದು ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದ್ದು. ಮಳೆ ಕಡಿಮೆಯಾದರೂ ಬೆಳೆಯುತ್ತದೆ, ಹುಳು ಹಿಡಿಯುವುದು ಅಪರೂಪ. ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡದೆ ಇರುತ್ತಿದ್ದುದರಿಂದ ಬರಗಾಲದಲ್ಲಿ ಜನರ ಜೀವ ಉಳಿಸಿದ ಧಾನ್ಯವೂ ಇದೇ. ಆದರೆ ಮರ್ಯಾದೆಯೆಲ್ಲ ಅಕ್ಕಿಗೆ ಸಲ್ಲುತ್ತಿತ್ತು. ದಿನದ ಊಟಕ್ಕೆ ಮುದ್ದೆ, ಹಬ್ಬಕ್ಕೂ ನೆಂಟರಿಗೂ ಅನ್ನ ಎಂಬುದು ಬಯಲುಸೀಮೆಯ ಮನೆಗಳ ಕ್ರಮವಾಗಿತ್ತು. 16ನೇ ಶತಮಾನದ ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ಭತ್ತವೂ ರಾಗಿಯೂ ಯಾರು ಹೆಚ್ಚೆಂದು ಜಗಳವಾಡಿ ರಾಮನ ಮುಂದೆ ನಿಲ್ಲುತ್ತವೆ. ಆರು ತಿಂಗಳು ಸೆರೆಯಲ್ಲಿಟ್ಟು ನೋಡಿದಾಗ ಭತ್ತ ಸೊರಗುತ್ತದೆ, ರಾಗಿ ಗಟ್ಟಿಯಾಗಿಯೇ ಹೊರಬರುತ್ತದೆ. ರಾಮನ ತೀರ್ಪು ರಾಗಿಯ ಕಡೆಗೆ ಬಂತು. ಅದು ಉಳ್ಳವರ ಊಟದ ಮನೆಯಲ್ಲಿ ಜಾರಿಯಾಗಲು ಮಾತ್ರ ನಾಲ್ಕು ಶತಮಾನ ಹಿಡಿಯಿತು.

ಜಾರಿ ಮಾಡಿಸಿದವರು ವೈದ್ಯರು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ಅಕ್ಕಿಯಲ್ಲಿ ಅದು ತೀರ ಅಲ್ಪ. ಸಕ್ಕರೆ ಕಾಯಿಲೆಯ ಭಯ ಹಬ್ಬಿದ ಮೇಲೆ ಮುದ್ದೆ ದೊಡ್ಡ ಹೋಟೆಲುಗಳ ಊಟದ ಮೇಜಿಗೂ ಬಂತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಸರ್ಕಾರದ ಬೆಂಬಲ ಬೆಲೆಯಲ್ಲೂ ಈ ಬದಲಾವಣೆ ಕಾಣುತ್ತದೆ. 2000-01ರಲ್ಲಿ ಕ್ವಿಂಟಾಲ್ ಭತ್ತಕ್ಕೆ 510 ರೂಪಾಯಿ, ರಾಗಿಗೆ 445. 2024-25ರಲ್ಲಿ ಸಾಮಾನ್ಯ ಭತ್ತಕ್ಕೆ 2300, ರಾಗಿಗೆ 4290.

ಉಡುಪಿನ ಕಥೆಯೂ ಹೀಗೆಯೇ. ಅಮೆರಿಕದ ನೆವಾಡದ ದರ್ಜಿ ಜೇಕಬ್ ಡೇವಿಸ್, ಕೂಲಿಯವರ ಪ್ಯಾಂಟಿನ ಜೇಬು ಬೇಗ ಹರಿಯದಂತೆ ತಾಮ್ರದ ಗುಬ್ಬಿ ಬಡಿಯುವ ಉಪಾಯ ಕಂಡುಕೊಂಡ. ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಜೊತೆ ಸೇರಿ 1873ರ ಮೇ 20ರಂದು ಅದಕ್ಕೆ ಪೇಟೆಂಟ್ ಪಡೆದ. ಬಟ್ಟೆ ಹರಿಯಬಾರದೆಂದು ಹುಟ್ಟಿದ ಆ ಜೀನ್ಸನ್ನೇ ಇಂದು ಕಾರ್ಖಾನೆಯಲ್ಲಿ ಹರಿದು ದುಬಾರಿ ಬೆಲೆಗೆ ಮಾರುತ್ತಾರೆ. ಮಗ ತಂದ ಅಂಥ ಪ್ಯಾಂಟನ್ನು ಕಂಡು ಸೂಜಿದಾರ ಹುಡುಕುವ ತಾಯಿ ಮಧ್ಯಮ ವರ್ಗದ ಮನೆಯಲ್ಲೇ ಸಿಗುತ್ತಾಳೆ.

ಮನೆಯ ಗೋಡೆಯೂ ಇದಕ್ಕೆ ಹೊರತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ವಿಭಾಗ ಆರಂಭವಾಯಿತು. ಮಣ್ಣಿಗೆ ಒಂದಿಷ್ಟು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ತೆಗೆಯುವ, ಗೂಡಿನಲ್ಲಿ ಸುಡಬೇಕಿಲ್ಲದ ಇಟ್ಟಿಗೆಯನ್ನು ಅಲ್ಲಿ ರೂಪಿಸಿದರು. ಇಂದು ಮಣ್ಣಿನ ಇಟ್ಟಿಗೆಯ ಗೋಡೆಗೆ ಗಾರೆ ಹಚ್ಚದೆ ಬಿಟ್ಟು ಅದರ ಚೆಂದ ನೋಡುವವರು ನಗರದ ಉಳ್ಳವರು. ಮಣ್ಣಿನ ಗೋಡೆಯಲ್ಲೇ ಹುಟ್ಟಿ ಬೆಳೆದವರ ಆಸೆ ಆರ್‌ಸಿಸಿ ಮನೆಯ ಮೇಲೆ.

ಹಣದ ವಿಷಯದಲ್ಲಿ ಹೋಲಿಕೆ ಇನ್ನೂ ಹತ್ತಿರದ್ದು. ಬಡವರು ಅಂಗಡಿಯಲ್ಲಿ ಬರೆಸಿ ಸಾಮಾನು ತರುತ್ತಾರೆ. ದೊಡ್ಡ ಉದ್ಯಮಿಯೂ ಸರಕು ತರುವುದು ಸಾಲಕ್ಕೇ. ಒಬ್ಬರು ಕಿವಿಯ ಓಲೆಯನ್ನು ಗಿರವಿ ಇಡುತ್ತಾರೆ, ಇನ್ನೊಬ್ಬರು ಕಂಪನಿಯ ಷೇರುಗಳನ್ನು ಅಡವಿಡುತ್ತಾರೆ. ಹಳೆಯ ಸಾಲ ತೀರಿಸಲು ಹೊಸ ಸಾಲ ಮಾಡುವುದು ಇಬ್ಬರಿಗೂ ಗೊತ್ತಿರುವ ವಿದ್ಯೆ. ಅಂದಂದಿನ ದುಡಿಮೆ ಅಂದಂದಿಗೇ ಸರಿಹೋಗುವುದು ಬಡವರ ಮನೆಯಲ್ಲಿ ಮಾತ್ರ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಗ್ರೆಗ್ ಕಪ್ಲನ್, ಜಿಯಾನ್‌ಲೂಕಾ ವಯೊಲಾಂಟೆ, ಜಸ್ಟಿನ್ ವೀಡ್ನರ್ ಎಂಬ ಅರ್ಥಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದಲ್ಲಿ ಹೀಗೆ ಬರಿಗೈಯಲ್ಲಿ ತಿಂಗಳು ದಾಟಿಸುವ ಕುಟುಂಬಗಳಲ್ಲಿ ಏನೂ ಇಲ್ಲದವರಿಗಿಂತ ಆಸ್ತಿಯುಳ್ಳವರೇ ಹೆಚ್ಚು. ಮನೆಯಲ್ಲೋ ನಿವೃತ್ತಿ ನಿಧಿಯಲ್ಲೋ ಹಣ ಸಿಕ್ಕಿಕೊಂಡಿರುವುದರಿಂದ ಇವರ ಕೈ ಖಾಲಿ.

ಅದೃಷ್ಟದ ಮೇಲಿನ ನಂಬಿಕೆಯೂ ಎರಡೂ ಕಡೆಯದು. ಬೆಂಗಳೂರಿನ ರೇಸ್‌ಕೋರ್ಸ್‌ನಲ್ಲಿ ಕುದುರೆಯ ಮಾಲೀಕರೂ ದಿನಗೂಲಿಯವರೂ ಒಂದೇ ಕುದುರೆಯ ಮೇಲೆ ಆಸೆ ಇಟ್ಟು ಕೂಗುತ್ತಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್ಸ್ಟೈನ್ ವೆಬ್ಲೆನ್ 1899ರಲ್ಲೇ, ಸಿರಿವಂತ ವರ್ಗದ ಕುರಿತ ತನ್ನ ಪ್ರಸಿದ್ಧ ಗ್ರಂಥದಲ್ಲಿ, ಜೂಜಿನ ಒಲವು ಸಮಾಜದ ಮೇಲು ಕೆಳಗು ಎರಡರಲ್ಲೂ ಇರುವುದನ್ನು ಗುರುತಿಸಿದ್ದ. ಹಳೆಯದಕ್ಕೆ ಅಂಟಿಕೊಳ್ಳುವ ಗುಣವೂ ಇಬ್ಬರದೂ ಎಂದ ಆತ ಅದಕ್ಕೆ ಎರಡು ಬೇರೆ ಕಾರಣ ಕೊಟ್ಟ. ಸಿರಿವಂತರಿಗೆ ಇದ್ದದ್ದರ ಮೇಲೆ ಅತೃಪ್ತಿಯಿಲ್ಲ. ಕಡುಬಡವರಿಗೆ ನಾಡಿದ್ದಿನ ಬಗ್ಗೆ ಯೋಚಿಸುವಷ್ಟು ತ್ರಾಣ ಉಳಿದಿರುವುದಿಲ್ಲ.

ರೂಢಿಗಳು ಹೀಗೆ ನಡುವಿನವರನ್ನು ದಾಟಿ ಎರಡು ತುದಿಗಳಲ್ಲಿ ನೆಲೆಸುವುದಕ್ಕೆ ಒಂದು ಕಾರಣ ನಾಚಿಕೆ. ಹರಿದ ಬಟ್ಟೆ ತೊಟ್ಟರೂ ಸಿರಿವಂತರನ್ನು ಯಾರೂ ಬಡವರೆಂದುಕೊಳ್ಳುವುದಿಲ್ಲ. ಬಡವರಿಗೆ ಬಡತನ ಮುಚ್ಚಿಡುವ ದಾರಿಯೇ ಇಲ್ಲ. ಬಡತನದಿಂದ ಒಂದೆರಡು ತಲೆಮಾರಿನ ಹಿಂದಷ್ಟೇ ಮೇಲೆ ಬಂದ ನಡುವಿನವರಿಗೆ ಮತ್ತೆ ಅಲ್ಲಿಯವರಂತೆ ಕಾಣಿಸಿಕೊಳ್ಳುವುದು ಭಯದ ವಿಷಯ. ಆದ್ದರಿಂದಲೇ ಅವರು ಮುದ್ದೆಯನ್ನು ಬಿಟ್ಟರು, ಸೈಕಲ್ಲನ್ನು ಮಾರಿದರು, ಅಂಗಡಿಯ ಸಾಲವನ್ನು ಗುಟ್ಟಾಗಿಟ್ಟರು. ನಡಿಗೆಯಾಗಲಿ ಸಿರಿಧಾನ್ಯವಾಗಲಿ ವೈದ್ಯರ ಚೀಟಿಯಲ್ಲಿ ಬರೆದು ಬಂದಾಗ ಮಾತ್ರ ಸಂಕೋಚವಿಲ್ಲದೆ ಒಪ್ಪಿಕೊಂಡರು.

ಈ ಹೋಲಿಕೆಗೆ ಮಿತಿಯೂ ಉಂಟು. ಸಾಲ ತೀರದಿದ್ದರೆ ಉದ್ಯಮಿಯ ಕಂಪನಿ ದಿವಾಳಿ ನ್ಯಾಯಮಂಡಳಿಗೆ ಹೋಗುತ್ತದೆ, ಅವರ ಮನೆಯ ಒಲೆ ಉರಿಯುತ್ತಲೇ ಇರುತ್ತದೆ. ಗಿರವಿಯ ಓಲೆ ಹರಾಜಾದರೆ ಬಡವರಿಗೆ ಮುಂದಿನ ಕಷ್ಟಕ್ಕೆ ಇಡಲು ಏನೂ ಉಳಿಯುವುದಿಲ್ಲ. ವಾಕಿಂಗ್ ಹೋಗುವವರು ಮಳೆ ಬಂದರೆ ಮನೆಯಲ್ಲಿ ಉಳಿಯಬಹುದು. ನಡೆದು ಕೂಲಿಗೆ ಹೋಗುವವರು ಉಳಿದರೆ ಆ ದಿನದ ಕೂಲಿ ಹೋಯಿತು. ಇಬ್ಬರ ರೂಢಿ ಒಂದೇ ಆದರೂ ಬೇಡವೆನಿಸಿದಾಗ ಅದನ್ನು ಕೈಬಿಡುವ ಅವಕಾಶ ಇರುವುದು ಒಬ್ಬರಿಗೆ ಮಾತ್ರ.