ಜಗಲಿ ಮತ್ತು ಅಗ್ಗಿಷ್ಟಿಕೆ

ಇಂಗ್ಲೆಂಡಿನ ಹಳ್ಳಿಗಳ ಹಳೆಯ ಪಬ್ಬುಗಳಲ್ಲಿ ಅನೇಕವು ಮರದ ಚೌಕಟ್ಟಿನವು. ನಡುವೆ ಹೆಣೆದ ತಡಿಕೆ, ಅದಕ್ಕೆ ಮೆತ್ತಿದ ಮಣ್ಣು. ಇಂತಹ ಗೋಡೆ ನಮ್ಮ ಹಳ್ಳಿಗಳಿಗೂ ಹೊಸದಲ್ಲ. ವ್ಯತ್ಯಾಸವಿರುವುದು ಹವೆಯಲ್ಲಿ. ಅಲ್ಲಿಯ ಚಳಿ ಜನರನ್ನು ತಗ್ಗಿದ ತೊಲೆಗಳ ಕೆಳಗೆ, ಅಗ್ಗಿಷ್ಟಿಕೆಯ ಸುತ್ತ ಕೂರಿಸಿತು. ಇಲ್ಲಿಯ ಬಿಸಿಲು ಸೂರಿನ ನೆರಳಿನ ಜಗಲಿಗೆ ಕರೆತಂದಿತು.

1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ನರಿಗೆ ಭೂಮಿ ನೀಡಿದ್ದರಿಂದ ಹುಟ್ಟಿದ ವೈಟ್‌ಫೀಲ್ಡಿನಲ್ಲಿ ಜೇಮ್ಸ್ ಹ್ಯಾಮಿಲ್ಟನ್ನರ ವೇವರ್ಲಿ ಇನ್ ಇತ್ತು. ಚರ್ಚಿಲ್ ಅಲ್ಲಿಗೆ ಬರುತ್ತಿದ್ದನೆಂಬ ಕಥೆಯೇ ಹೆಚ್ಚು ಪ್ರಚಾರದಲ್ಲಿದೆ. ನನಗೆ ಮುಖ್ಯವೆನಿಸುವುದು ಬೇರೆ: ಇಂಗ್ಲೆಂಡಿನ ಹೆಸರುಗಳನ್ನು ಉಳಿಸಿಕೊಂಡ ಆ ಜನರೂ ಇಲ್ಲಿಯ ಬಿಸಿಲಿಗೆ ಮಣಿದು ವರಾಂಡ ಇಳಿಸಿದರು, ಮರದ ಜಾಲರಿಯ ‘ಮಂಕಿ ಟಾಪ್’ ಕಟ್ಟಿದರು.

ಆನೇಕಲ್ಲಿನವನಾದ ನಾನು ಮಾಡಿದ್ದೇನು? ಬಾಡಿಗೆಯ ಆಸೆಗೆ ತಂದೆಯವರ ಕಾಲದ ಜಗಲಿಯನ್ನು ಒಡೆಸಿ ಅಂಗಡಿ ಮಳಿಗೆ ಕಟ್ಟಿಸಿದೆ. ಸಂಜೆ ಅಲ್ಲಿ ಕುಳಿತು ನನ್ನಿಂದ ಲೆಕ್ಕ ಹೇಳಿಸಿಕೊಂಡವರು ನಿಮ್ಮಲ್ಲಿ ಹಲವರಿದ್ದೀರಿ. ಈಗ ನೀವು ಬಂದರೆ ಬಾಗಿಲು ತಟ್ಟಬೇಕು. ಅಂದು ಬಂದು ಕುಳಿತರೆ ಸಾಕಿತ್ತು.