ಮಾಳಿಗೆಯಿಂದ ಬಂದ ಸುದ್ದಿ

ನೋಯ್ಡಾದ ನಮ್ಮ ಬಾಡಿಗೆ ಮನೆಯಲ್ಲಿ ನೀರಿನ ಟ್ಯಾಂಕು ತುಂಬಿ ಹರಿಯುವುದೂ, ಕೆಳಮನೆಯವರು ಮುನಿಯುವುದೂ ನಿತ್ಯದ ಕಥೆ. ಗೋಡೆ ಕೊರೆದು ತಂತಿ ಎಳೆಯಲು ಮಾಲೀಕರ ಒಪ್ಪಿಗೆಯಿಲ್ಲ. "ತಂತಿ ಯಾಕಪ್ಪಾ, ರೇಡಿಯೋ ಇಡೋಣ" ಎಂದ ಒಂಬತ್ತನೆಯ ತರಗತಿಯ ಮಗರಾಯ.

ಬಿ.ಎ. ಓದಿದ ಗುಮಾಸ್ತನಾದ ನನಗೆ ರೇಡಿಯೋ ಎಂದರೆ ಆಕಾಶವಾಣಿ. ಸುದ್ದಿ ಕಳಿಸುವ, ಪಡೆಯುವ ಎರಡೂ ಕೆಲಸವನ್ನು ಉಗುರಿಗಿಂತ ಚಿಕ್ಕದಾದ ಒಂದೇ ಚಿಪ್ ಮಾಡುವುದೆಂದು ಅವನಿಂದಲೇ ತಿಳಿದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನ ಸಿಸಿ 1101, ನಮ್ಮ ದೇಶದಲ್ಲಿ 2005ರಿಂದ ಪರವಾನಗಿ ಬೇಡದ 865 ಮೆಗಾಹರ್ಟ್ಸಿನಲ್ಲಿ ಮಾತಾಡಬಲ್ಲದು. ಗೋಡೆ ದಾಟುವುದರಲ್ಲಿ ಗಟ್ಟಿಗ. ನಾರ್ವೆಯ ನಾರ್ಡಿಕ್ ಕಂಪನಿಯ ಎನ್‌ಆರ್‌ಎಫ್ 24ಎಲ್01 ಪ್ಲಸ್, ವೈಫೈ ಸಂತೆ ನೆರೆದಿರುವ 2.4 ಗಿಗಾಹರ್ಟ್ಸಿನದು, ಆದರೆ ಅಗ್ಗ. ತಿಂಗಳ ಕೊನೆ ಬೇರೆ. ಕೆಂಪುಕೋಟೆಯೆದುರಿನ ಲಜಪತರಾಯ್ ಮಾರ್ಕೆಟ್ಟಿನಿಂದ ಅಗ್ಗದ್ದನ್ನೇ ಒಂದು ಜೋಡಿ ತಂದೆವು.

ಮೇಜಿನ ಮೇಲೆ ಚೆನ್ನಾಗಿ ಮಾತಾಡಿದ್ದು ಮಾಳಿಗೆಗೆ ಹೋದೊಡನೆ ಮೌನ! "ದುಡ್ಡು ಹಾಳು ಮಾಡಿದೆ" ಎಂದು ಗದರಿದೆ. ಹುಡುಗ ಉಣ್ಣದೆ ಮಲಗಿದ.

ಮರುದಿನ ಅವನೇ ಕಾರಣ ಕಂಡುಹಿಡಿದ. ಸುದ್ದಿ ಕಳಿಸುವಾಗ ಚಿಪ್ ಥಟ್ಟನೆ ವಿದ್ಯುತ್ತು ಎಳೆಯುತ್ತದೆ. ನಾವು ಕೊಟ್ಟ 3.3 ವೋಲ್ಟು ಆಗ ಕುಸಿಯುತ್ತಿತ್ತು. ಪಕ್ಕದಲ್ಲೇ 10 ಮೈಕ್ರೋಫ್ಯಾರಡ್ಡಿನ ಕೆಪಾಸಿಟರ್ ಬೆಸೆದು, ವೇಗವನ್ನು ಸೆಕೆಂಡಿಗೆ 2 ಮೆಗಾಬಿಟ್ಟಿನಿಂದ 250 ಕಿಲೋಬಿಟ್ಟಿಗೆ ಇಳಿಸಿದ. ನಿಧಾನವಾಗಿ ಆಡಿದ ಮಾತು ದೂರಕ್ಕೆ ಕೇಳಿಸಿತು. ಈ ನಿಧಾನಗತಿ 'ಪ್ಲಸ್' ಇಲ್ಲದ ಹಳೆಯ ಚಿಪ್ಪಿನಲ್ಲಿಲ್ಲ. ಕೊಳ್ಳುವವರು ನೋಡಿ ಕೊಳ್ಳಬೇಕು.

ಕಚೇರಿಯ ತಪ್ಪನ್ನು ಕಡತದಲ್ಲಿ ಬರೆದು ಒಪ್ಪುವ ನಾನು, ಅಂದು ಮಗನೆದುರು ಬಾಯಿಬಿಟ್ಟು ಒಪ್ಪಿದೆ. ಕೆಳಮನೆಯವರ ಮುನಿಸೂ ಈಗ ಇಳಿದಿದೆ.