ಕರಿಬೇವಿನ ಕುಂಡ ಹೇಳಿದ ಸಂಖ್ಯೆ

ಪ್ರೀತಿಯ ಗೆಳತಿಗೆ,

ಏಳನೆಯ ತರಗತಿಯ ಮಗಳು ಎಲೆಕ್ಟ್ರಾನಿಕ್ಸ್ ಕಲಿಯುತ್ತೇನೆಂದು ಹಟ ಹಿಡಿದಿದ್ದಾಳೆ, ಅವಳ ಕೈಲಿ ಆದೀತೇ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಿಂದ ಶುರುಮಾಡಿಸಿ.

ಕಲಿಕೆಗೆ ಬಳಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್‌ಗಳಿಗೆ ಸಿ ಭಾಷೆಯಲ್ಲಿ ಬರೆದರೆ ಕಂಪೈಲ್ ಮಾಡಬೇಕು, ಅಪ್‌ಲೋಡ್ ಮಾಡಬೇಕು, ಕಾಯಬೇಕು. ಒಂದು ಅಂಕಿ ಬದಲಿಸಿದರೂ ಮತ್ತೆ ಅದೇ ಸುತ್ತು. ಆಸ್ಟ್ರೇಲಿಯಾದ ಭೌತವಿಜ್ಞಾನಿ ಡೇಮಿಯನ್ ಜಾರ್ಜ್ 2013ರಲ್ಲಿ ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ ಜನರಿಂದ ಹಣ ಕೂಡಿಸಿ, ಪೈಥಾನನ್ನು ಪುಟ್ಟ ಚಿಪ್‌ನೊಳಗೆ ಕೂರುವಂತೆ ಹೊಸದಾಗಿ ಕಟ್ಟಿದರು. ಅದೇ ಮೈಕ್ರೋಪೈಥಾನ್. 2016ರಲ್ಲಿ ಬಿಬಿಸಿ ಬ್ರಿಟನ್ನಿನ ಸುಮಾರು 10 ಲಕ್ಷ ಮಕ್ಕಳಿಗೆ ಉಚಿತವಾಗಿ ಹಂಚಿದ ಮೈಕ್ರೋಬಿಟ್ ಬೋರ್ಡಿನ ರ್‍ಯಾಮ್ ಬರೀ 16 ಕಿಲೋಬೈಟ್. ಅದರಲ್ಲೂ ಇದು ಓಡಿತು. ಆ ಮಕ್ಕಳಿಗೆ ಆಗ ಹನ್ನೊಂದು, ಹನ್ನೆರಡು ವರ್ಷ. ನಿಮ್ಮ ಮಗಳದೂ ಅದೇ ವಯಸ್ಸಲ್ಲವೇ?

ನನ್ನ ಮೇಜಿನ ಮೇಲಿರುವುದು ರಾಸ್ಪ್‌ಬೆರಿ ಪೈ ಪಿಕೊ, ಮೈಕ್ರೋಪೈಥಾನ್ ತುಂಬಿಸಿದ, 264 ಕಿಲೋಬೈಟ್ ರ್‍ಯಾಮಿನ ಬೋರ್ಡು. ಯುಎಸ್‌ಬಿ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಜೋಡಿಸಿ, ಥಾನಿ ಎಂಬ ಉಚಿತ ತಂತ್ರಾಂಶ ತೆರೆದರೆ ಕೆಳಗಡೆ ಮೂರು ಬಾಣದ ಗುರುತು ಕಾಣುತ್ತದೆ. ಬೋರ್ಡಿನ ಮೇಲಿನ ದೀಪ ಯಾವ ಪಿನ್ನಿನಲ್ಲಿದೆ ಎಂದು ತಿಳಿಸಿ, ‘ಎಲ್‌ಇಡಿ ಡಾಟ್ ಆನ್’ ಎಂದು ಟೈಪಿಸಿ ಎಂಟರ್ ಒತ್ತಿದ ಕೂಡಲೇ ಹಸಿರು ದೀಪ ಹತ್ತುತ್ತದೆ. ತಪ್ಪು ಬರೆದರೆ ಯಾವ ಸಾಲಿನಲ್ಲಿ ತಪ್ಪಿದೆ ಎಂದು ಅಲ್ಲೇ ಹೇಳುತ್ತದೆ. ಕೇಳಿದ್ದಕ್ಕೆ ಒಡನೆಯೇ ಉತ್ತರ ಸಿಕ್ಕರೆ ಮಕ್ಕಳು ಮುಂದಿನ ಪ್ರಶ್ನೆಯನ್ನು ತಾವಾಗಿಯೇ ಕೇಳುತ್ತಾರೆ.

ಮೊನ್ನೆ ಕರಿಬೇವಿನ ಕುಂಡಕ್ಕೆ ತೇವಾಂಶದ ಸೆನ್ಸಾರ್ ಚುಚ್ಚಿದೆ. ಪಿಕೊ ವೋಲ್ಟೇಜನ್ನು 0ಯಿಂದ 65,535ರವರೆಗಿನ ಸಂಖ್ಯೆಯಾಗಿ ಓದಿ ಹೇಳುತ್ತದೆ. ಒಣಮಣ್ಣಿನಲ್ಲಿ 45,000ದ ಆಸುಪಾಸು ಬಂತು. ಒಂದು ಲೋಟ ನೀರು ಹೊಯ್ದೆ. ನೀರು ಇಂಗುತ್ತಿದ್ದಂತೆ ಸಂಖ್ಯೆ ಇಳಿಯುತ್ತಾ ಇಳಿಯುತ್ತಾ 25,000ಕ್ಕೆ ಬಂದು ನಿಂತಿತು. ಮಣ್ಣಿನಲ್ಲಿ ನೀರು ಹೆಚ್ಚಿದರೆ ಕೆಪಾಸಿಟನ್ಸ್, ಅಂದರೆ ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ, ಹೆಚ್ಚುತ್ತದೆ, ಈ ಸೆನ್ಸಾರ್ ಕೊಡುವ ವೋಲ್ಟೇಜ್ ತಗ್ಗುತ್ತದೆ. ಪಾಠದ ಪುಸ್ತಕದಲ್ಲಿ ಓದಿದ್ದ ಮಾತು ಕಣ್ಣೆದುರೇ ನಡೆಯಿತು.

ಒಂದೆರಡು ಎಚ್ಚರಿಕೆ. ಪಿಕೊದ ಪಿನ್ನುಗಳು 3.3 ವೋಲ್ಟಿನವು, 5 ವೋಲ್ಟ್ ಕೊಟ್ಟರೆ ಚಿಪ್ ಸುಟ್ಟುಹೋದೀತು. ಇನ್ನು ಪೈಥಾನಿಗೆ ಸಿ ಭಾಷೆಯ ವೇಗವಿಲ್ಲ. ಆದರೆ ಕುಂಡದ ಮಣ್ಣಿಗೇನೂ ಅವಸರವಿಲ್ಲ. ಬರೆದದ್ದನ್ನು ಬೋರ್ಡಿನಲ್ಲೇ ‘ಮೇನ್ ಡಾಟ್ ಪಿವೈ’ ಎಂಬ ಹೆಸರಲ್ಲಿ ಉಳಿಸಿದರೆ, ಕಂಪ್ಯೂಟರ್ ಇಲ್ಲದೆಯೂ ಕರೆಂಟ್ ಸಿಕ್ಕೊಡನೆ ತಾನೇ ಕೆಲಸ ಶುರುಮಾಡುತ್ತದೆ.

ಮೊದಲ ದಿನ ಅವಳ ಪಕ್ಕ ನೀವೂ ಕೂತುಕೊಳ್ಳಿ. ಟೈಪಿಸುವುದು ಅವಳೇ ಆಗಲಿ, ನೀರು ಹೊಯ್ಯುವ ಕೆಲಸ ನಿಮ್ಮದಾಗಲಿ. ನಿಮ್ಮ ಕುಂಡ ಹೇಳಿದ ಮೊದಲ ಸಂಖ್ಯೆ ಎಷ್ಟೆಂದು ನನಗೊಂದು ಸಾಲು ಬರೆಯಲು ಅವಳಿಗೆ ಹೇಳಿ, ಕಾಯುತ್ತಿರುತ್ತೇನೆ.

ಇಂತು ನಿಮ್ಮ ಗೆಳೆಯ